ಎಲ್ಲರಿಗೂ ಬೇಕಾಗಿದ್ದ ಬಂದರು

ನಕ್ಷೆಯಲ್ಲಿ ಟ್ರಿಯೆಸ್ಟೆಯನ್ನು ಹುಡುಕಿದರೆ, ಇಟಲಿ ಇದನ್ನು ಮೂಲೆಯಲ್ಲಿಟ್ಟು ಮರೆತಿದೆಯೇನೋ ಅನ್ನಿಸುತ್ತದೆ. ಏಡ್ರಿಯಾಟಿಕ್ ಸಮುದ್ರದ ನೆತ್ತಿಯಲ್ಲೊಂದು ಸಣ್ಣ ಪಟ್ಟಿ. ಊರ ಹಿಂದಿನ ಗುಡ್ಡ ಹತ್ತಿದರೆ ಆಗಲೇ ಸ್ಲೊವೇನಿಯಾ. ಇಂಥ ಮೂಲೆಯಲ್ಲಿ ಅರಮನೆಯಂಥ ಕಟ್ಟಡಗಳು, ಸಮುದ್ರಕ್ಕೆ ಮುಖ ಮಾಡಿದ ಅಷ್ಟು ದೊಡ್ಡ ಚೌಕ ಯಾರಿಗಾಗಿ?

ವಿಯೆನ್ನಾದವರಿಗಾಗಿ. ನಡುವೆ ನೆಪೋಲಿಯನ್ನನ ಕೆಲವು ವರ್ಷ ಬಿಟ್ಟರೆ, 1382ರಿಂದ 1918ರವರೆಗೆ ಊರು ಆಸ್ಟ್ರಿಯಾ ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಗಳದ್ದು. ಅವರ ಸಾಮ್ರಾಜ್ಯ ದೊಡ್ಡದು, ಕೈಗೆ ಸಿಕ್ಕ ಸಮುದ್ರ ಮಾತ್ರ ಇಷ್ಟೇ ಇಷ್ಟು. 1719ರಲ್ಲಿ ಆರನೇ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರು ಮಾಡಿದ. ಸುಂಕ ಇಲ್ಲ ಅಂದ ಮೇಲೆ ಬರದೇ ಇರುತ್ತಾರೆಯೇ? ಗ್ರೀಕರು ಬಂದರು, ಸರ್ಬರು ಬಂದರು, ಯೆಹೂದಿಗಳು ಬಂದರು. ಅವರವರ ಗುಡಿಗಳು ಇವತ್ತಿಗೂ ಅಲ್ಲಿವೆ. 1857ರಲ್ಲಿ ವಿಯೆನ್ನಾದಿಂದ ರೈಲೂ ಬಂತು.

ಇಟಲಿಗೂ ಈ ಊರಿನ ಮೇಲೆ ಆಸೆ. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಸೈನಿಕರನ್ನು ಕಳೆದುಕೊಂಡು ಪಡೆಯಿತು. ಪಡೆದದ್ದೇ ತಡ, ಊರಿನ ಕೆಲಸ ಹೋಯಿತು. ಸರಕು ಕಳಿಸಲು ಸಾಮ್ರಾಜ್ಯವೇ ಇಲ್ಲ. ಇಟಲಿಗೋ, ಜಿನೋವಾ, ವೆನಿಸ್ ಅಂತ ಬಂದರುಗಳಿಗೇನು ಬರ? ದಾಯಾದಿಗಳು ಕೋರ್ಟಿಗೆ ಅಲೆದು ಗೆದ್ದ ಗದ್ದೆ ಕೊನೆಗೆ ಬೀಳು ಬಿದ್ದ ಹಾಗೆ. ಎಲ್ಲರೂ ಕೂಡಿ ಬಾಳಿದ ಊರು ಅಂತ ಈಗ ಹೊಗಳುತ್ತಾರೆ. 1920ರಲ್ಲಿ ಫ್ಯಾಸಿಸ್ಟರು ಇಲ್ಲಿನ ಸ್ಲೊವೇನಿಯರ ಭವನಕ್ಕೆ ಬೆಂಕಿ ಇಟ್ಟಿದ್ದನ್ನೂ ಜೊತೆಗೆ ಹೇಳಬೇಕು. ಎರಡನೇ ಯುದ್ಧದ ನಂತರ ಯುಗೊಸ್ಲಾವಿಯಾ ಪಾಲು ಕೇಳಿತು. 1947ರಿಂದ 1954ರವರೆಗೆ ಊರು ಯಾವ ದೇಶದ್ದೂ ಅಲ್ಲ. ಬ್ರಿಟನ್, ಅಮೆರಿಕದ ಸೇನೆಗಳ ಆಡಳಿತ. ಆಮೇಲೆ ಮತ್ತೆ ಇಟಲಿ. ತಮಾಷೆ ಅಂದ್ರೆ, 1967ರಿಂದ ಇಲ್ಲಿಂದ ಆಲ್ಪ್ಸ್ ದಾಟಿ ತೈಲದ ಪೈಪ್‌ಲೈನ್ ಹೋಗುತ್ತದೆ. ಆಸ್ಟ್ರಿಯಾದ ಕಚ್ಚಾ ತೈಲದ ಬಹುಪಾಲು ಈ ದಾರಿಯಲ್ಲೇ. ವಿಯೆನ್ನಾದ ಚಾಕರಿ ತಪ್ಪಲಿಲ್ಲ, ನೋಡಿ.

ಇನ್ನು ಊರಿನ ಗಾಳಿ. ಚಳಿಗಾಲದಲ್ಲಿ ಗುಡ್ಡದ ಕಡೆಯಿಂದ ಬೋರಾ ಬೀಸಿದರೆ, ಕೆಲವು ಸಲ ಗಂಟೆಗೆ 150 ಕಿಲೋಮೀಟರ್ ವೇಗ. ಹಿಂದೆ ಬೀದಿಗಳಲ್ಲಿ ಜನ ಹಿಡಿದು ನಡೆಯಲಿ ಅಂತ ಹಗ್ಗ ಕಟ್ಟುತ್ತಿದ್ದರು. ಈ ಗಾಳಿಗೊಂದು ಮ್ಯೂಸಿಯಂ ಕೂಡ ಇದೆ. ಬೇರೆ ಬೇರೆ ಊರಿನ ಗಾಳಿಯನ್ನು ಬಾಟಲಿಗಳಲ್ಲಿ ತುಂಬಿಟ್ಟಿದ್ದಾರೆ! ಮುಚ್ಚಳ ತೆಗೆದು ಪರೀಕ್ಷೆ ಮಾಡುವ ಹಾಗಿಲ್ಲ, ಸುಮ್ನೆ ನಂಬಬೇಕು.

ನನಗೆ ಈ ಊರಿನ ಮೇಲೆ ಅಕ್ಕರೆ ಜಾಸ್ತಿ ಆಗಿದ್ದು ಕಾಫಿಯಿಂದ. ಸುಂಕವಿಲ್ಲದ ಕಾಲದಿಂದಲೂ ಕಾಫಿ ಮೂಟೆಗಳು ಇಲ್ಲಿ ಇಳಿಯುತ್ತಿವೆ. 'ಇಲ್ಲಿ' (Illy) ಅನ್ನುವ ಹೆಸರಿನ ಕಾಫಿ ಕಂಪನಿ 1933ರಲ್ಲಿ ಹುಟ್ಟಿದ್ದೂ ಈ ಊರಲ್ಲೇ. ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವ ದೇಶ ಇಟಲಿ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಎಸ್‌ಪ್ರೆಸೊ ಮೇಲೆ ನೊರೆ ದಪ್ಪಗೆ ನಿಲ್ಲಲು ರೊಬಸ್ಟಾ ಬೇಕು. ನಮ್ಮ ತೋಟದವರು ಅದನ್ನು ಚೆನ್ನಾಗಿ ಬೆಳೆಯುತ್ತಾರೆ. ಆದರೆ ಕೇಳುವ ರೀತಿ ಈ ಊರಿನದೇ ಬೇರೆ. ಬರೀ ಎಸ್‌ಪ್ರೆಸೊ ಬೇಕಿದ್ದರೆ 'ನೇರೊ' ಅನ್ನಿ. ಪುಟ್ಟ ಗಾಜಿನ ಲೋಟದಲ್ಲಿ, ಸ್ವಲ್ಪ ಹಾಲು ಹಾಕಿದ್ದು ಬೇಕಿದ್ದರೆ 'ಕಾಪೊ ಇನ್ ಬಿ'. ಹಾಲು ಹಾಕಿ ಲೋಟದಲ್ಲಿ ಕೊಡ್ತಾರೆ ಅಂತ ಖುಷಿಯಾಗಿ, ಚಿಕೋರಿ ಇದೆಯಾ ಅಂತ ಮಾತ್ರ ಕೇಳಬೇಡಿ.