ನಟ್ಲಾ ಸತ್ತಳೇ? ಮೊದಲು ನಿಮ್ಮ ಪೆಟ್ಟಿಗೆ ಯಾವುದು ಹೇಳಿ

'ಟಾಂಬ್ ರೈಡರ್' ವಿಡಿಯೊ ಗೇಮುಗಳ ನಾಯಕಿ ಲಾರಾ ಕ್ರಾಫ್ಟಮ್ಮನ ಹಳೇ ಸಾಹಸಗಳಿಗೆ ಈಗ ಸುಣ್ಣಬಣ್ಣದ ಯೋಗ. 1996ರ ಆಟದಿಂದ ಹಿಡಿದು ಮೊದಲ ಆರೂ 2024, 2025ರಲ್ಲಿ ಎರಡು ಕಂತಾಗಿ ಹೊಸ ಮುಖ ಹೊತ್ತು ಬಂದವು. ಮೊದಲ ಮೂರರ ಜೊತೆ ಆಗ ಬೇರೆಯಾಗಿ ಬಂದಿದ್ದ ಹೆಚ್ಚುವರಿ ಹಂತಗಳನ್ನೂ ಸೇರಿಸಿ ಕೊಟ್ಟರು. ಆಟದ ಪೆಟ್ಟಿಗೆ ಪ್ಲೇಸ್ಟೇಷನ್ನೋ, ಎಕ್ಸ್‌ಬಾಕ್ಸೋ, ಪಿಸಿಯೋ ಅನ್ನುವ ಪಂಕ್ತಿಭೇದವೂ ಇಲ್ಲ. ಬಹಳ ಸಂತೋಷ. ಹಾಗಾದರೆ 2008ರ 'ಟಾಂಬ್ ರೈಡರ್: ಅಂಡರ್‌ವರ್ಲ್ಡ್' ಆಡಿದವರು ಏನು ಪಾಪ ಮಾಡಿದ್ದರು?

ಕಥೆ ಇಷ್ಟು. ಲಾರಾಳ ಬಂಗಲೆ ಸುಟ್ಟು ಬೂದಿ. ಲಾರಾಳದ್ದೇ ರೂಪದ ಇನ್ನೊಬ್ಬಳ ಕಾಟ. ಕೊನೆಗೆ ಥಾರ್‌ನ ಸುತ್ತಿಗೆ ಏಟಿಗೆ ಖಳನಾಯಕಿ ನಟ್ಲಾ ವಿಷದ ಮಡುವಿಗೆ ಬೀಳುತ್ತಾಳೆ. ಸತ್ತಳೇ? ಆ ಜೋಡಿರೂಪದವಳು ಏನಾದಳು? ಡಿಸ್ಕ್ ಅಲ್ಲಿಗೆ ಮೌನ. ಉತ್ತರ 2009ರ ಫೆಬ್ರವರಿಯಲ್ಲಿ 'ಬಿನೀತ್ ದಿ ಆ್ಯಶಸ್', ಮಾರ್ಚ್‌ನಲ್ಲಿ 'ಲಾರಾಸ್ ಶ್ಯಾಡೋ' ಎಂಬ ಎರಡು ಡೌನ್‌ಲೋಡುಗಳಾಗಿ ಬಂತು, ಎಕ್ಸ್‌ಬಾಕ್ಸ್ 360 ಇದ್ದವರಿಗೆ ಮಾತ್ರ. ರಾತ್ರಿಯಿಡೀ ಆಟ ನೋಡಿ, ಇನ್ನೇನು ಮಹಿಷಾಸುರ ಸಾಯಬೇಕು ಅನ್ನುವಾಗ ಭಾಗವತರು ಜಾಗಟೆ ನಿಲ್ಲಿಸಿ, 'ಸೈಕಲ್ಲಲ್ಲಿ ಬಂದವರು ಏಳಿ, ವಧೆ ಬೈಕಿನವರಿಗೆ ಮಾತ್ರ' ಅಂದ ಹಾಗೆ.

ಒಳಗೆ ಉಳಿದವರೇನೂ ಪುಕ್ಕಟೆ ನೋಡಲಿಲ್ಲ ಅನ್ನಿ. ಒಂದೊಂದಕ್ಕೆ 800 ಪಾಯಿಂಟ್. ಪಾಯಿಂಟ್ ಅಂದರೆ ಎಕ್ಸ್‌ಬಾಕ್ಸ್ ಅಂಗಡಿಯಲ್ಲಿ ಆಗ ಓಡುತ್ತಿದ್ದ ನಾಣ್ಯ. ಈ ಪಾಯಿಂಟಿನ ಲೆಕ್ಕ ಹಾಕಿದ ಪುಣ್ಯಾತ್ಮನ ಫೋಟೋಗೆ ದಿನಾ ಹೂ ಹಾಕಬೇಕು. ಅಮೆರಿಕದಲ್ಲಿ ಒಂದು ಡಾಲರಿಗೆ 80 ಪಾಯಿಂಟ್. ನೂರಲ್ಲ, ಐವತ್ತಲ್ಲ, ಎಂಬತ್ತು! ಟೀವಿ ಮುಂದೆ ಕೂತು ಕೊಳ್ಳುವವನಿಗೆ ಸಿಗುತ್ತಿದ್ದದ್ದು 500, 1000 ಹೀಗೆ ಗಂಟು ಗಂಟಾಗಿ. ಸಾವಿರ ಕೊಂಡು ಎಂಟುನೂರು ಖರ್ಚು ಮಾಡಿದರೆ ಉಳಿದ ಇನ್ನೂರು ಖಾತೆಯಲ್ಲೇ ಕೊಳೆಯಬೇಕು. ನಮ್ಮ ಶೆಟ್ಟರಂಗಡಿಯಲ್ಲಿ 'ಚಿಲ್ಲರೆ ಇಲ್ಲ, ಚಾಕ್ಲೇಟ್ ತಗೊಳ್ಳಿ' ಅಂತಾರಲ್ಲ, ಆ ವಿದ್ಯೆಯೇ. ವ್ಯತ್ಯಾಸ ಇಷ್ಟೇ, ಶೆಟ್ಟರ ಚಾಕ್ಲೇಟನ್ನು ಬಾಯಿಗಾದರೂ ಹಾಕಿಕೊಳ್ಳಬಹುದು. 2013ರಲ್ಲಿ ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟೇ ಈ ನಾಣ್ಯಕ್ಕೆ ತಿಥಿ ಮಾಡಿತು.

ಇನ್ನೊಂದು ಸ್ವಾರಸ್ಯ ಉಂಟು. ಅಂಡರ್‌ವರ್ಲ್ಡ್ ಪಿಸಿಯಲ್ಲೂ ಬಂದಿತ್ತು. ಪಿಸಿ ಅಂದರೆ ವಿಂಡೋಸ್, ವಿಂಡೋಸ್ ಅಂದರೆ ಅದೇ ಮೈಕ್ರೋಸಾಫ್ಟ್. ಅಲ್ಲಿಗೂ ಈ ಎರಡು ಕಂತು ಬರಲಿಲ್ಲ! ಪಕ್ಕದ ಮನೆಯವನಿಗೆ ಊಟ ಇಲ್ಲ ಅಂದರೆ ಜಗಳ ಅಂತ ತಿಳಿಯಬಹುದು. ಸ್ವಂತ ಹಿರೇಮಗನನ್ನೂ ಎಲೆಯಿಂದ ಎಬ್ಬಿಸಿದರೆ ಅದಕ್ಕೆ ಏನನ್ನೋಣ?

ಹಾಗಂತ ಪ್ಲೇಸ್ಟೇಷನ್ ಮಾಡುವ ಸೋನಿಯವರು ಸಾಧುಗಳೆಂದು ತಿಳಿಯಬೇಡಿ. ಅದೇ 2009ರಲ್ಲಿ 'ಬ್ಯಾಟ್‌ಮನ್: ಅರ್ಕಮ್ ಅಸೈಲಮ್' ಬಂದಾಗ ಜೋಕರ್ ಆಗಿ ಆಡುವ ಭಾಗ್ಯ ಪ್ಲೇಸ್ಟೇಷನ್ 3ಕ್ಕೆ ಮಾತ್ರ. 'ಜಿಟಿಎ 4' ಎಂಬ ಆಟದ ಎರಡು ಹೆಚ್ಚುವರಿ ಕಂತುಗಳು ಮೊದಲು ತನ್ನ ಪೆಟ್ಟಿಗೆಗೇ ಬರಲಿ ಅಂತ ಮೈಕ್ರೋಸಾಫ್ಟ್ 5 ಕೋಟಿ ಡಾಲರ್ ಸುರಿದಿತ್ತು. ಅವಾದರೂ 2010ರ ಏಪ್ರಿಲ್‌ನಲ್ಲಿ ಉಳಿದವರ ಮನೆಗೂ ಬಂದವು. ಲಾರಾಳ ಕಂತುಗಳು ಬರಲೇ ಇಲ್ಲ.

ಇದನ್ನು 'ಎಕ್ಸ್‌ಕ್ಲೂಸಿವ್' ಅಂತ ಹಬ್ಬದ ಉಡುಗೊರೆಯ ಹಾಗೆ ಸಾರಿದರು. ಎಂಥ ಉಡುಗೊರೆ? ಅದರಿಂದ ಎಕ್ಸ್‌ಬಾಕ್ಸ್‌ನವನಿಗೆ ಒಂದು ಹಂತವೂ ಹೆಚ್ಚಾಗಲಿಲ್ಲ, ಪಕ್ಕದವನಿಗೆ ಸಿಗಲಿಲ್ಲ, ಅಷ್ಟೇ. ಪ್ಲೇಸ್ಟೇಷನ್ 3ರವನೂ ಅಮೆರಿಕದಲ್ಲಿ ಅದೇ 60 ಡಾಲರ್ ಎಣಿಸಿದ್ದ. ಕೊನೆಯಿಲ್ಲದ ಕಥೆ ಅಂತ ಅವನಿಗೆ ಐದು ಡಾಲರ್ ಬಿಟ್ಟರೇ? ಇಲ್ಲ. ತಮಾಷೆ ಮಾಡೋಣ ಅಂತಲೇ ಕೂತೆ, ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಯಿತು.

ಇನ್ನೂ ಕಾಯುತ್ತಿರುವ ಪ್ಲೇಸ್ಟೇಷನ್ ಬಂಧುಗಳೇ, ಕೇಳಿ: ನಟ್ಲಾಳ ಕಥೆ ಮುಗಿಸುವುದು ಲಾರಾ ಅಲ್ಲ, ಅವಳ ನೆರಳು, ಅದೇ ಆ ಜೋಡಿರೂಪದವಳು. ಹೇಳಿದ್ದಕ್ಕೆ ಪಾಯಿಂಟ್ ಬೇಡ. ಮಿಕ್ಕ ಇನ್ನೂರಿದ್ದರೆ ನೀವೇ ಇಟ್ಟುಕೊಳ್ಳಿ.