ಮೊಗ್ಗು ಹೋಯ್ತು, ಬಾಡಿದ್ದು ಉಳೀತು

ಇವತ್ತು ಬೆಳಿಗ್ಗೆ ಒಂದು ಗುಲಾಬಿ ಮೊಗ್ಗಿನ ತಲೆ ತೆಗೆದೆ. ತೆಗೆಯಬೇಕಿದ್ದದ್ದು ಅದರ ಪಕ್ಕದ ಬಾಡಿದ ಹೂವನ್ನು. ಕಣ್ಣಿಗೆ ಬೆವರು ಇಳಿದಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮಧ್ಯಾಹ್ನ 42 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಮೇ ತಿಂಗಳಿಗೆ ಬೆಳಿಗ್ಗೆ ಅಂತ ಒಂದು ಇದೆಯಾ?

ನರ್ಸರಿಯವನು "ದಿನಾ ನೀರು ಹಾಕ್ರಿ, ಸಾಕು" ಅಂದಿದ್ದ. ಕತ್ತರಿ ಮಾತು ಎತ್ತಲೇ ಇಲ್ಲ. ಬಾಡಿದ ಹೂ ಬಿಟ್ಟರೆ ಕಾಯಿ ಕಟ್ಟುತ್ತದೆ. ಗಿಡ ಬೀಜ ಮಾಡುವುದರಲ್ಲೇ ಮುಳುಗಿ ಮೊಗ್ಗು ಮರೆಯುತ್ತದೆ. ಸರಿ, ಕತ್ತರಿಸೋಣ. ಎಲ್ಲಿ? ಅಲ್ಲಿ ಶುರುವಾಯ್ತು ಗಣಿತ. ಹೂವಿನಿಂದ ಕೆಳಗಿಳಿದರೆ ಮೊದಲು ಮೂರೆಲೆಯ ಕಡ್ಡಿ. ಅದು ಬೇಡ. ಐದೆಲೆಯದು ಬರುವ ತನಕ ಇಳಿಯಬೇಕು, ಅದೂ ಹೊರಗೆ ಮುಖ ಮಾಡಿರಬೇಕು. ಅದರ ಕಾಲು ಇಂಚು ಮೇಲೆ, ಓರೆಯಾಗಿ ಕತ್ತರಿ.

ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕಾ? ಐದನೆಯದನ್ನು ಹುಳ ತಿಂದಿತೋ, ಮೂರರ ಮನೆಗೆ ಪಕ್ಕದ್ದೊಂದು ನೆಂಟನಾಗಿ ಬಂದಿತೋ? ಮತ್ತೆ ಮೊದಲಿಂದ. ಅಷ್ಟರಲ್ಲಿ ಮುಳ್ಳು. ಒಂದು ಬೆರಳು ಬಾಯಲ್ಲಿ. ಉಳಿದ ಒಂದೇ ಕೈಯಲ್ಲಿ ಎಣಿಸಿ, ಅದೇ ಕೈಯಲ್ಲಿ ಕತ್ತರಿಸಿದ್ದು ಆ ಮೊಗ್ಗನ್ನು.

"ತಮ್ಮಾ, ಹಸೀದು ಕತ್ತರಿಸಿ ಒಣಗಿದ್ದು ಇಟ್ಕೊಂಡೀಯಲ್ಲೋ!"

ಗೇಟಿನಾಚೆ ಎದುರು ಮನೆ ಕಾಕು. ಕೈಯಲ್ಲಿ ಪೂಜೆ ಬುಟ್ಟಿ. ಬುಟ್ಟಿಯಲ್ಲಿ ನನ್ನವೇ ಎರಡು ಗುಲಾಬಿ.

ದಿನಾ ಆರಕ್ಕೆ ಬರುತ್ತಾರೆ. "ಒಂದೇ ಒಂದು ತಗೋತೀನಪಾ, ದೇವರಿಗೆ." ಅವರ ದೇವರ ಕೋಣೆಯಲ್ಲಿ ದೇವರು ಎಷ್ಟು ಮಂದಿಯೋ, ಲೆಕ್ಕ ಒಂದಕ್ಕೆ ನಿಂತದ್ದೇ ಇಲ್ಲ. ಎಲೆ ಎಣಿಸುವುದಿಲ್ಲ, ಓರೆ ನೋಡುವುದಿಲ್ಲ. ಉಗುರಲ್ಲಿ ಚಕ್ ಅಂತ ಚಿವುಟುತ್ತಾರೆ. ಹೊಟ್ಟೆ ಉರಿಯೋದು ಅದಕ್ಕಲ್ಲ. ಅವರು ಚಿವುಟಿದ ಕೊಂಬೆಗಳೇ ಜೋರಾಗಿ ಚಿಗುರುತ್ತಿವೆ! ಬಾಡುವ ಮೊದಲೇ ಹೂ ಹೋದರೆ ಕಾಯಿ ಎಲ್ಲಿಂದ ಕಟ್ಟಬೇಕು ಹೇಳಿ.

ಅವ್ವನ ಗಿಡದಲ್ಲಿ ಬಾಡಿದ ಹೂ ನೋಡಿದ ನೆನಪೇ ಇಲ್ಲ ನನಗೆ. ಒಂದು ಶರಣಬಸವೇಶ್ವರ ಗುಡಿಗೆ, ಒಂದು ಅವಳ ತುರುಬಿಗೆ, ಉಳಿದದ್ದು ಕೇಳಿದವರಿಗೆ. ಮನೆಯಲ್ಲಿ ಇದ್ದ ಕತ್ತರಿ ಬಟ್ಟೆಗೆ ಮಾತ್ರ. ಈಗ ನಮ್ಮನೆಯಲ್ಲಿ ಹೂ ಮುಡಿಯುವವರು ಯಾರೂ ಇಲ್ಲ.

ಮೊಗ್ಗನ್ನು ಲೋಟದ ನೀರಲ್ಲಿಟ್ಟಿದ್ದೇನೆ. ಅರಳುವ ಲಕ್ಷಣ ಕಾಣೆ. ಆ ಕೊಂಬೆಯಲ್ಲಿ ಮತ್ತೆ ಹೂ ಬರೋಕೆ ಐದಾರು ವಾರ ಬೇಕು ಅಂತ ಕಾಕುಗೆ ಹೇಳಿದೆ, ಸ್ವಲ್ಪ ಬೇಸರವಾಗಲಿ ಅಂತಲೇ. ಅವರು ಬೆರಳು ಮಡಚಿ ಎಣಿಸಿದರು.

"ಹಂಗಾದ್ರ ಕಾರ ಹುಣ್ಣಿಮೆಗೆ ಬರ್ತಾವಲ್ಲ ತಮ್ಮಾ?"