ತಾಳಿ ಕಟ್ಟಿದರೆ ಹಾರ್ಮೋನು ಸರಿಹೋಗುತ್ತೆ

ನಮ್ಮಲ್ಲಿ ಸ್ತ್ರೀರೋಗ ತಜ್ಞರು ಕಡಿಮೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯಾವುದಾದರೂ ಮದುವೆ ಊಟದ ಪಂಕ್ತಿಯಲ್ಲಿ ಕೂತು ನೋಡಿ. ಎದುರಿಗೊಬ್ಬರು, ಪಕ್ಕಕ್ಕಿಬ್ಬರು ಸಿಗುತ್ತಾರೆ. ಅಪಾಯಿಂಟ್‌ಮೆಂಟ್ ಬೇಡ, ಸ್ಕ್ಯಾನಿಂಗ್ ಬೇಡ, ಫೀಸಂತೂ ಬೇಡವೇ ಬೇಡ. ಎಲೆಗೆ ಕೋಸಂಬರಿ ಬೀಳುವಾಗ ಪರೀಕ್ಷೆ ಶುರುವಾದರೆ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ರೋಗ ಪತ್ತೆ, ಮಜ್ಜಿಗೆ ಬರುವ ಮೊದಲೇ ಚಿಕಿತ್ಸೆ.

"ಏನೇ ಇದು, ಗಲ್ಲದ ಮೇಲೆ ಕೂದಲು?" ದೊಡ್ಡತ್ತೆ ಕೇಳುತ್ತಾರೆ, ಹಿಂದಿನ ಸಾಲಿಗೂ ಕೇಳಿಸುವ ಹಾಗೆ.

"ಪಿಸಿಓಡಿ ಅತ್ತೆ." ಹುಡುಗಿ ಎಲೆ ನೋಡಿಕೊಂಡು ಹೇಳುತ್ತಾಳೆ.

"ಅಯ್ಯೋ, ಅಷ್ಟೇ ತಾನೆ! ಒಂದು ಮದುವೆ ಅಂತ ಆಗಲಿ, ಎಲ್ಲ ಸರಿಹೋಗುತ್ತೆ."

ಎದುರು ಕೂತ ಚಿಕ್ಕಪ್ಪ ಜೋರಾಗಿ ತಲೆ ಆಡಿಸುತ್ತಾರೆ. ಪಿಸಿಓಡಿ ಅಂದರೆ ಅಂಡಾಶಯದ ಹಾರ್ಮೋನು ಏರುಪೇರು ಅಂತ ಅವರಿಗೆ ಗೊತ್ತಿಲ್ಲ, ಆದರೆ ಔಷಧಿ ಗೊತ್ತು. ಔಷಧಿಯ ಫೋಟೋ, ಜಾತಕ, ಸಂಬಳದ ವಿವರ ಎಲ್ಲ ಅವರ ಮೊಬೈಲಿನಲ್ಲೇ ಇದೆ.

ಈ ಔಷಧಿ ಕೆಲಸ ಮಾಡದಿದ್ದರೆ ಬದಲಾಯಿಸುವುದಿಲ್ಲ, ಡೋಸು ಏರಿಸುತ್ತಾರೆ. ಮದುವೆಯಾಗಿ ವರ್ಷವಾದರೂ ಮುಟ್ಟು ಸರಿಯಾಗಲಿಲ್ವಾ? ಒಂದು ಮಗು ಆಗಲಿ, ಎಲ್ಲ ಸರಿಹೋಗುತ್ತೆ. ಮಗು ಆಗುತ್ತಿಲ್ಲ ಅಂತಲೇ ಅವಳು ಡಾಕ್ಟರ ಹತ್ತಿರ ಓಡಾಡುತ್ತಿರೋದು ಅಂದರೆ ಅದಕ್ಕೂ ಉತ್ತರ ರೆಡಿ. ನಾವು ಆವತ್ತೇ ಹೇಳಿದ್ವಿ, ಬೇಗ ಮದುವೆ ಆಗು ಅಂತ, ಕೇಳಿದ್ಯಾ?

1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರನ್ನು ಪರೀಕ್ಷಿಸಿ ಈ ಪಿಸಿಓಡಿ ಬಗ್ಗೆ ಬರೆದರು. ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಗುಳ್ಳೆಯಾಗಿ ಕಾಣುತ್ತಲ್ಲ, ಅವು ಗಡ್ಡೆ ಅಲ್ಲ. ತಿಂಗಳಿಗೊಂದು ಅಂಡ ಬಲಿತು ಹೊರಗೆ ಬರಬೇಕು, ಇಲ್ಲಿ ಆ ಅಂಡದ ಕೋಶಗಳು ಅರ್ಧ ಬೆಳೆದು ನಿಂತುಬಿಡುತ್ತವೆ. ಬಹಳ ಜನರಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಅಂಡಾಶಯಕ್ಕೆ ಆಜ್ಞೆ ಕೊಡುವ ಎಲ್‌ಎಚ್ ಹಾರ್ಮೋನನ್ನು ಜಾಸ್ತಿ ಬಿಡುತ್ತೆ, ರಕ್ತದಲ್ಲಿ ಇನ್ಸುಲಿನ್ ಏರಿರುತ್ತೆ, ಎರಡೂ ಸೇರಿ ಅಂಡಾಶಯದ ಕೈಯಲ್ಲಿ ಪುರುಷ ಹಾರ್ಮೋನನ್ನು ಜಾಸ್ತಿ ಮಾಡಿಸುತ್ತವೆ. ಗಲ್ಲದ ಕೂದಲು, ಮೊಡವೆ, ತಪ್ಪುವ ಮುಟ್ಟು ಎಲ್ಲ ಅಲ್ಲಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದು ಇದೆ. ವಂಶದ ಪಾಲೂ ಇದೆ. ಅಂದರೆ ದೊಡ್ಡತ್ತೆಯ ಕಡೆಯಿಂದಲೇ ಬಂದಿರಬಹುದು, ಆದರೆ ಪಂಕ್ತಿಯಲ್ಲಿ ಹಾಗೆಲ್ಲ ಹೇಳುವ ಹಾಗಿಲ್ಲ. ಇಷ್ಟರ ನಡುವೆ ತಾಳಿ ಯಾವ ದಾರಿಯಲ್ಲಿ ಹೋಗಿ ಇನ್ಸುಲಿನ್ನಿಗೆ ಬುದ್ಧಿ ಹೇಳುತ್ತೆ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ನೊಬೆಲ್‌ಗೆ ಹೆಸರು ಕಳಿಸೋಣ.

ಇನ್ನೊಂದು ಬಗೆಯ ತಜ್ಞರಿದ್ದಾರೆ. ಅವರದು ಒಂದೇ ವಾಕ್ಯ. "ನಮ್ಮ ಅಜ್ಜಿ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಎಲ್ಲಾ ಈಗಿನ ಲೈಫ್‌ಸ್ಟೈಲು, ಪಿಜ್ಜಾ, ಜೀನ್ಸು." ಜೀನ್ಸು ಅಂಡಾಶಯಕ್ಕೆ ಏನು ಮಾಡಿತು ಅಂತ ಕೇಳಬೇಡಿ. ಹಿಂದಿನವರ ಹಾಗೆ ಬದುಕಬೇಕು, ಅಷ್ಟೇ.

ಸರಿ, ಬದುಕೋಣ. ಆದರೆ ರಾಗಿ ಮುದ್ದೆ ಒಂದನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟರೆ ನ್ಯಾಯ ಅಲ್ಲ, ತಗೊಂಡರೆ ಪೂರ್ತಿ ಪ್ಯಾಕೇಜ್ ತಗೋಬೇಕು. ಬೆವರ್ಲಿ ಸ್ಟ್ರಾಸ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಆಫ್ರಿಕಾದ ಮಾಲಿ ದೇಶದ ಡೋಗನ್ ಜನರ ನಡುವೆ ಇದ್ದು ಅಲ್ಲಿನ ಹೆಂಗಸರ ಮುಟ್ಟಿನ ಲೆಕ್ಕ ಇಟ್ಟರು. ಗರ್ಭನಿರೋಧಕ ಬಳಸದ ಆ ಹೆಂಗಸರಿಗೆ ಜೀವಮಾನದಲ್ಲಿ ಮುಟ್ಟಾಗುವುದು ಸುಮಾರು 100 ಸಲ. ಈಗಿನ ಪಟ್ಟಣದ ಹೆಂಗಸಿಗೆ ಸುಮಾರು 400 ಸಲ. ಯಾಕೆಂದರೆ ಅವರು ಮೈನೆರೆಯುವುದು ತಡ, ಆಮೇಲೆ ಬಸುರು, ಬಾಣಂತನ, ವರ್ಷಗಟ್ಟಲೆ ಎದೆಹಾಲು, ಹಾಲು ಬಿಡಿಸುವಷ್ಟರಲ್ಲಿ ಮತ್ತೆ ಬಸುರು. ನಮ್ಮ ಪೂರ್ವಿಕರ ದೇಹ ಸಾವಿರಾರು ತಲೆಮಾರು ಹೆಚ್ಚು ಕಡಿಮೆ ಈ ಲೆಕ್ಕದಲ್ಲೇ ಸಾಗಿ ಬಂದದ್ದು. ಇವತ್ತಿನವಳಿಗೆ ಅದೇ ಹಾರ್ಮೋನಿನ ಏರಿಳಿತ ನಾಲ್ಕು ಪಟ್ಟು, ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯಕ್ಕೂ ಇದಕ್ಕೂ ನಂಟಿದೆ. ಇದು ತಮಾಷೆ ಅಲ್ಲ.

ತಮಾಷೆ ಏನೆಂದರೆ ಪ್ಯಾಕೇಜಿನ ಷರತ್ತುಗಳು. ಏಳೆಂಟು ಹೆರಿಗೆ ಕಡ್ಡಾಯ. ಪ್ರತಿ ಮಗುವಿಗೂ ಎರಡು ವರ್ಷ ಹಾಲು. ಹುಟ್ಟಿದ್ದರಲ್ಲಿ ಎಷ್ಟು ಉಳಿಯುತ್ತವೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ, ತಾಯಿ ಉಳಿಯುತ್ತಾಳೆ ಅನ್ನೋದಕ್ಕೂ ಇಲ್ಲ. ಎಂಟು ಮಕ್ಕಳ ಸ್ಕೂಲ್ ಫೀಸು, ಫ್ಲಾಟಿನ ಇಎಂಐ ಪೂರ್ವಿಕರು ಕಟ್ಟಿಕೊಡುವುದಿಲ್ಲ. ಅಜ್ಜಿಗೆ ಮುಟ್ಟಿನ ತಾಪತ್ರಯ ಇರಲಿಲ್ಲ ಅನ್ನೋದು ನಿಜ ಇದ್ದರೂ ಇರಬಹುದು. ಪಾಪ, ಅವರಿಗೆ ಮುಟ್ಟಾಗೋಕೆ ಪುರುಸೊತ್ತಾದರೂ ಎಲ್ಲಿತ್ತು?

ಈ ಪೂರ್ವಿಕರನ್ನೇ ಕುಟ್ಟಿ ಪುಡಿ ಮಾಡಿ ಡಬ್ಬಿಗೆ ತುಂಬಿ ಮಾರುವವರೂ ಇದ್ದಾರೆ. ಮೊಬೈಲ್ ತೆರೆದರೆ ಒಬ್ಬ ಹಾರ್ಮೋನ್ ಕೋಚ್ ರೀಲ್ಸ್‌ನಲ್ಲಿ ಕಣ್ಣು ಅರಳಿಸಿ ಕೂತಿರುತ್ತಾರೆ. ಮುಟ್ಟಾದ ಮೊದಲ ಹದಿನೈದು ದಿನ ಅಗಸೆ ಮತ್ತು ಕುಂಬಳ ಬೀಜ, ಆಮೇಲೆ ಎಳ್ಳು ಮತ್ತು ಸೂರ್ಯಕಾಂತಿ ಬೀಜ. ಮುಟ್ಟು ತಪ್ಪಿ ಹೋಗಿದೆಯಾ? ಅಮಾವಾಸ್ಯೆ ಹುಣ್ಣಿಮೆ ನೋಡಿಕೊಂಡು ತಿನ್ನಿ. ಅಗಸೆ ತಿಂದರೆ ತಪ್ಪೇನಿಲ್ಲ, ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ಅಗಸಿ ಹಿಂಡಿ ಯಾವ ತಿಥಿಯನ್ನೂ ನೋಡದೆ ತಿಂದುಕೊಂಡೇ ಬಂದಿದ್ದಾರೆ. ಆದರೆ ಅದೇ ಬೀಜ ಸಣ್ಣ ಡಬ್ಬಿಗೆ ಬಿದ್ದು ಮೇಲೆ 'ಹಾರ್ಮೋನ್ ಬ್ಯಾಲೆನ್ಸ್' ಅಂತ ಚೀಟಿ ಅಂಟಿದ ಕೂಡಲೇ ಬೆಲೆ ಹತ್ತು ಪಟ್ಟಾಗುತ್ತಲ್ಲ, ಬ್ಯಾಲೆನ್ಸ್ ತಪ್ಪೋದು ಅಲ್ಲಿ. ಇನ್ನೂ ಮಜಾ ಏನಪ್ಪಾ ಅಂದರೆ ಈ ಹಾರ್ಮೋನುಗಳ ಕೆಲಸವೇ ಏರಿಳಿಯೋದು. ಅಂಡ ಬಿಡುಗಡೆಗೆ ಮೊದಲು ಈಸ್ಟ್ರೋಜನ್ ಏರಬೇಕು, ಆಮೇಲೆ ಪ್ರೊಜೆಸ್ಟೆರಾನ್ ಏರಬೇಕು, ಎರಡೂ ಇಳಿದಾಗ ಮುಟ್ಟಾಗಬೇಕು. ಕೋಚ್ ಹೇಳುವ ಹಾಗೆ ತಿಂಗಳಿಡೀ ಎಲ್ಲವೂ ಒಂದೇ ಮಟ್ಟದಲ್ಲಿ ಬ್ಯಾಲೆನ್ಸ್ ಆಗಿ ನಿಂತರೆ ಮುಟ್ಟೇ ನಿಂತುಹೋಗುತ್ತೆ.

ಹಾಗಂತ ಜೀವನಶೈಲಿಯ ಮಾತು ಸುಳ್ಳಲ್ಲ. ಪಿಸಿಓಡಿ ಇದ್ದು ತೂಕ ಜಾಸ್ತಿ ಇರುವವರು ನೂರಕ್ಕೆ ಐದು ಪಾಲು ತೂಕ ಇಳಿಸಿದರೂ ಎಷ್ಟೋ ಜನರಿಗೆ ಮುಟ್ಟು ಸರಿದಾರಿಗೆ ಬರುತ್ತೆ. ರಾತ್ರಿ ಪಾಳಿಯ ಕೆಲಸಕ್ಕೂ ಏರುಪೇರಾದ ಮುಟ್ಟಿಗೂ ನಂಟಿದೆ. ಆದರೆ ಈ ಲೈಫ್‌ಸ್ಟೈಲ್ ಅನ್ನೋದನ್ನು ಅವಳೇನೋ ಅಂಗಡಿಯಲ್ಲಿ ಆರಿಸಿ ತಂದಳು ಅನ್ನೋ ಹಾಗೆ ಮಾತಾಡ್ತಾರಲ್ಲ! ಮಂತ್ರಿ ಬರುವ ರಸ್ತೆಯಲ್ಲಿ ಬಂದೋಬಸ್ತಿಗೆ ನಿಂತ ಮಹಿಳಾ ಪೇದೆಯನ್ನು ನೋಡಿ. ಬೆಳಿಗ್ಗೆಯಿಂದ ಬೂಟು ಬಿಚ್ಚಿಲ್ಲ. ನೀರಿನ ಬಾಟಲಿ ಪಕ್ಕದಲ್ಲೇ ಇದೆ, ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ಕುಡಿಯುತ್ತಾಳೆ, ಯಾಕೆಂದರೆ ಕುಡಿದರೆ ಹೋಗಬೇಕು, ಹೋಗೋಕೆ ಶೌಚಾಲಯ ಇಲ್ಲ. ಪ್ಯಾಡ್ ಬದಲಾಯಿಸುವ ಮಾತು ಬಿಡಿ. ಅವಳು ಮನೆಗೆ ಹೋಗಿ, ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ತಿಂದು, ಮಲಗುವ ಮುಂಚೆ ಮೊಬೈಲ್ ನೋಡಿದರೆ ಅಲ್ಲಿ ಕೋಚು. "ದಿನಕ್ಕೆ ಮೂರು ಲೀಟರ್ ನೀರು, ಎಂಟು ಗಂಟೆ ನಿದ್ದೆ, ನಿಮಗೋಸ್ಕರ ಸ್ವಲ್ಪ ಟೈಮ್." ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಅವರೆಲ್ಲ ಪಿಜ್ಜಾ ತಿಂದು ಹಾಗಾದರಾ?

ಸಲಹೆಗೆ ನಾವು ಯಾವತ್ತೂ ಜಿಪುಣತನ ಮಾಡಿದವರಲ್ಲ. ಕೈಯಿಂದ ಕಾಸು ಬಿಚ್ಚಬೇಕು ಅಂದಾಗ ಮಾತ್ರ ತಜ್ಞರೆಲ್ಲ ಎಲೆ ಮಡಚಿ ಏಳುತ್ತಾರೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕುಂಕುಮ, ಬಿಂದಿ, ಬಳೆಗೆ ತೆರಿಗೆ ಇಲ್ಲ, ಪ್ಯಾಡ್‌ಗೆ 12 ಪರ್ಸೆಂಟ್. ಮುತ್ತೈದೆತನ ಅಗತ್ಯ ವಸ್ತು, ಮುಟ್ಟು ಶೋಕಿ. ಗಲಾಟೆಯಾಗಿ ಅದನ್ನು ತೆಗೆಯೋಕೆ ಒಂದು ವರ್ಷ ಹಿಡಿಯಿತು.

ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತೆ, ತುಳಸಿ ಬಾಡುತ್ತೆ ಅಂತ ಹಿತ್ತಿಲಲ್ಲಿ ಕೂರಿಸಿದ್ದು ನಾವು ಮಾತ್ರ ಅಂದುಕೊಳ್ಳಬೇಡಿ. 1920ರಲ್ಲಿ ವಿಯೆನ್ನಾದ ಬೇಲಾ ಷಿಕ್, ಡಿಫ್ತೀರಿಯಾ ಪರೀಕ್ಷೆ ಕಂಡುಹಿಡಿದ ದೊಡ್ಡ ಡಾಕ್ಟರು, ಮುಟ್ಟಾದ ಕೆಲಸದವಳು ಹಿಡಿದ ಹೂವು ಬಾಡಿತು ಅಂತ ಮುಟ್ಟಿನಲ್ಲಿ ವಿಷ ಇದೆ ಎಂದುಬಿಟ್ಟ. ಅದಕ್ಕೆ 'ಮೆನೋಟಾಕ್ಸಿನ್' ಅಂತ ಹೆಸರೂ ಇಟ್ಟ. ನಮ್ಮ ದೊಡ್ಡತ್ತೆಗೆ ವಿಯೆನ್ನಾದಲ್ಲಿ ಒಬ್ಬ ಅಣ್ಣ ಇದ್ದ ಅನ್ನಿ.

ಈಗ ಬನ್ನಿ 2025ಕ್ಕೆ. ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ತಕ್ಷಣ ಶುರುವಾಯಿತು. ಕೆಲಸ ನಿಲ್ಲುತ್ತೆ, ಕಂಪನಿ ಮುಳುಗುತ್ತೆ, ಹೆಂಗಸರಿಗೆ ಇನ್ಯಾರು ಕೆಲಸ ಕೊಡ್ತಾರೆ. ಬಿಹಾರದಲ್ಲಿ 1992ರಿಂದಲೇ ಸರ್ಕಾರಿ ನೌಕರಿಯ ಹೆಂಗಸರಿಗೆ ತಿಂಗಳಿಗೆ ಎರಡು ದಿನ ರಜೆ ಇದೆ, ಬಿಹಾರ ಎಲ್ಲೂ ಮುಳುಗಿಲ್ಲ. ತಿಂಗಳಿಗೆ ಮೂರು ದಿನ ಹೊರಗೆ ಕೂರಿಸಿದಾಗ ನೆನಪಾಗದ ಕೆಲಸದ ನಷ್ಟ, ಒಂದು ದಿನಕ್ಕೆ ಸಂಬಳ ಕೊಡಿ ಅಂದ ಕೂಡಲೇ ಪೈಸೆ ಪೈಸೆಯಾಗಿ ನೆನಪಾಗಿಬಿಟ್ಟಿತು.

ಎಲ್ಲಕ್ಕಿಂತ ದೊಡ್ಡ ಚಿಂತೆ ಇನ್ನೊಂದು. "ಸುಳ್ಳು ಹೇಳಿ ರಜೆ ಹಾಕಿದರೆ ಹೇಗೆ ಕಂಡುಹಿಡಿಯೋದು ಸಾರ್?" ಇಷ್ಟು ವರ್ಷ ಹೊಟ್ಟೆ ಹಿಡಿದುಕೊಂಡು ಜ್ವರ, ಅಜ್ಜಿಗೆ ಹುಷಾರಿಲ್ಲ, ಫುಡ್ ಪಾಯ್ಸನ್ ಅಂತ ಬರೆದು ರಜೆ ಹಾಕಿದಾಗ ಒಬ್ಬ ಸಾರ್‌ಗೂ ಅನುಮಾನ ಬಂದಿರಲಿಲ್ಲ. ಇನ್ಮೇಲೆ ಅರ್ಜಿಯಲ್ಲಿ ನಿಜ ಬರೀತಾರೆ ಅಂತ ಗೊತ್ತಾದ ಮೇಲೇ ಪ್ರೂಫ್ ಕೇಳೋಕೆ ಶುರು ಮಾಡಿದ್ದು.